ಮೇಷ್ಟ್ರ ಕಾರಿನ ಮಂಕು ಹೆಡ್‌ಲೈಟು

ಬೇಲೂರಿನಲ್ಲಿ ನನ್ನದೊಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿ. "ಲೈಟು ಮಂಕು" ಅಂತ ವಾರಕ್ಕೆ ಎರಡು ಮೂರು ಗಾಡಿ ಬರುತ್ತವೆ. ಹೆಚ್ಚಿನವು ಅರ್ಧ ಗಂಟೆಯ ಕೆಲಸ. ಈ ಒಂದು ಕಾರು ಮಾತ್ರ ನನ್ನನ್ನು ಆರು ತಿಂಗಳು ಆಡಿಸಿತು. ನಡುವೆ ನಾನೇ ಎರಡು ಕಡೆ ಎಡವಿದೆ. ಹಳೇ ಕಾರು ಇಟ್ಟುಕೊಂಡವರಿಗೂ ಈ ಕಸುಬಿಗೆ ಹೊಸದಾಗಿ ಬಂದ ಹುಡುಗರಿಗೂ ಉಪಯೋಗ ಆಗಲಿ ಅಂತ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕಾರಿನ ಮಾಲೀಕರು ನಿವೃತ್ತ ಶಾಲಾ ಮೇಷ್ಟ್ರು. ಹೆಸರು, ಊರು ಬೇಡ. ಕಾರಿನ ಮಾಡೆಲ್ಲೂ ಹೇಳುವುದಿಲ್ಲ. ಆ ಬಣ್ಣದ ಆ ಕಾರು ಈ ಸುತ್ತಿನಲ್ಲಿ ಇರುವುದು ಒಂದೇ, ಹೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಜನ ಗುರುತು ಹಿಡಿದುಬಿಡುತ್ತಾರೆ. 2002ರ ಪೆಟ್ರೋಲ್ ಕಾರು, ಎಚ್4 ಬಲ್ಬು (ಹೈ ಬೀಮ್, ಲೋ ಬೀಮ್ ಎರಡೂ ಒಂದರಲ್ಲೇ), ಪ್ಲಾಸ್ಟಿಕ್ ಲೆನ್ಸು. ಇಷ್ಟು ಸಾಕು.

ಅವರ ಮನೆ ಬೇಲೂರಿನಿಂದ ಮೂಡಿಗೆರೆ ಕಡೆಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆ ಬಿಟ್ಟು ಒಳಗೆ. ಸುತ್ತ ಕಾಫಿ ತೋಟ. ರಸ್ತೆಯ ಎರಡೂ ಕಡೆ ಸಿಲ್ವರ್ ಮರಗಳು, ಬೀದಿ ದೀಪ ಇಲ್ಲವೇ ಇಲ್ಲ. ಚಳಿಗಾಲದಲ್ಲಿ ಮಂಜು, ಮಳೆಗಾಲದಲ್ಲಿ ಬಿಡದ ಮಳೆ. ಕಾಫಿ ಕೊಯ್ಲಿನ ಸಮಯದಲ್ಲಿ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರುಗಳು ಬೇರೆ. ಇದೆಲ್ಲದರ ಮೇಲೆ ಆನೆ. ಬಿಕ್ಕೋಡು, ಅರೇಹಳ್ಳಿ ಕಡೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಕತ್ತಲಲ್ಲಿ ಆನೆ ಕಪ್ಪಗೆ ಕಾಣುವುದೂ ಇಲ್ಲ, ರಸ್ತೆಯ ಒಂದು ತುಂಡು ಇಲ್ಲದ ಹಾಗೆ ಕಾಣುತ್ತದೆ ಅಷ್ಟೇ.

2025ರ ಜನವರಿಯಲ್ಲಿ ಮೇಷ್ಟ್ರು ಮೊದಲ ಸಲ ಕಾರು ತಂದರು. ಜೊತೆಗೆ ಅವರ ಮನೆಯವರೂ ಬಂದಿದ್ದರು, ನಾನು ಅವರನ್ನು ಅಮ್ಮ ಅನ್ನುವುದು. ಏನು ತೊಂದರೆ ಅಂತ ಕೇಳಿದರೆ ಮೇಷ್ಟ್ರು ದೊಡ್ಡ ಕಥೆ ಶುರು ಮಾಡಿದರು. ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: "ಎದುರಿಂದ ಯಾರಾದ್ರೂ ಬಂದ್ರೆ ಅವರ ಬೆಳಕಲ್ಲಿ ನಮಗೆ ರಸ್ತೆ ಕಾಣುತ್ತೆ ಕಣಪ್ಪ. ಇಲ್ಲದಿದ್ರೆ ಇಲ್ಲ."

ಮೊದಲು ಏನೇನು ಮಾಡಿಸಿದ್ದರು

ನನ್ನ ಹತ್ತಿರ ಬರುವ ಹೊತ್ತಿಗೆ ಮೇಷ್ಟ್ರು ನಾಲ್ಕು ಕಡೆ ದುಡ್ಡು ಸುರಿದಿದ್ದರು. ಒಂದೊಂದೂ ಹೇಳಬೇಕಾದ್ದೇ, ಯಾಕೆಂದರೆ ಎಲ್ಲರೂ ಮಾಡುವುದು ಇದನ್ನೇ.

ಮೊದಲು ಒಬ್ಬರು 100/90 ವಾಟಿನ ಬಲ್ಬು ಹಾಕಿಕೊಟ್ಟರು. ಕಂಪನಿಯಿಂದ ಬರುವ ಎಚ್4 ಬಲ್ಬು 60/55, ಅಂದರೆ ಹೈ ಬೀಮ್ 60 ವಾಟ್, ಲೋ ಬೀಮ್ 55. ಹೊಸ ಬಲ್ಬು ಒಂದು ವಾರ ಚೆನ್ನಾಗಿ ಬೆಳಗಿತು. ಆಮೇಲೆ ಕಾರಿನೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಹೈ ಬೀಮಿನಲ್ಲಿ ಎರಡು ಬಲ್ಬಿಗೆ ಹೆಚ್ಚು ಕಮ್ಮಿ 17 ಆಂಪಿಯರ್ ಬೇಕು. 10 ಆಂಪಿಯರಿನ ಲೆಕ್ಕದಲ್ಲಿ ಮಾಡಿದ ವೈರು, ಸ್ವಿಚ್ಚು ಅದನ್ನು ತಡೆಯುತ್ತವೆಯೇ? ಬಲಗಡೆಯ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ, ಒಂದು ಮೂಲೆ ಮೇಣದ ಹಾಗೆ ಕರಗಿತ್ತು.

ಆಮೇಲೆ ಆನ್‌ಲೈನಿನಲ್ಲಿ ಎಲ್‌ಇಡಿ ತರಿಸಿದರು. ಮನೆ ಅಂಗಳದಲ್ಲಿ ಹಾಕಿ ನೋಡಿದರೆ ಗೋಡೆ ಬೆಳ್ಳಗೆ ಬೆಳಗಿತು. ಮೇಷ್ಟ್ರಿಗೆ ಖುಷಿ. ರಸ್ತೆಗೆ ಇಳಿದ ಮೇಲೆ ಎದುರಿನ ಗಾಡಿಯವರೆಲ್ಲ ಡಿಪ್ ಹೊಡೆಯಲು ಶುರು ಮಾಡಿದರು. ಒಬ್ಬ ಬಸ್ ಡ್ರೈವರ್ ಗಾಡಿ ನಿಲ್ಲಿಸಿ ಬೈದೇ ಹೋದ. ಎಚ್4 ರಿಫ್ಲೆಕ್ಟರ್ ಮಾಡಿರುವುದು ಒಂದು ಸಣ್ಣ ತಂತಿ ಇಂಥದ್ದೇ ಜಾಗದಲ್ಲಿ ಉರಿಯುತ್ತದೆ ಅನ್ನುವ ಲೆಕ್ಕದ ಮೇಲೆ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಸಾಕು, ರಸ್ತೆಗೆ ಬೀಳಬೇಕಾದ್ದು ಮೇಲಕ್ಕೆ ಚೆಲ್ಲುತ್ತದೆ. ಮಂಜಿನಲ್ಲಂತೂ ಹಾಗೆ ಚೆಲ್ಲಿದ ಬಿಳಿ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಕೊಟ್ಟಿಗೆಹಾರದ ಹತ್ತಿರ ಒಂದು ಬೆಳಗಿನ ಜಾವ ಅವರು ಪಾರ್ಕಿಂಗ್ ಲೈಟು ಮಾತ್ರ ಹಾಕಿಕೊಂಡು ತೆವಳಿದರಂತೆ. ಅಷ್ಟರಲ್ಲಿ, 2024ರ ಜುಲೈನಲ್ಲಿ, ಕಣ್ಣು ಕುಕ್ಕುವ ಲೈಟುಗಳ ಮೇಲೆ ರಾಜ್ಯದ ಪೊಲೀಸರು ಕೇಸು ಹಾಕಲು ಶುರು ಮಾಡಿದ ಸುದ್ದಿಯೂ ಬಂತು. ಎಲ್‌ಇಡಿ ಬಿಚ್ಚಿಸಿದರು.

ಮೂರನೆಯದು ಮೊಮ್ಮಗನ ಕೆಲಸ. ವಿಡಿಯೋ ನೋಡಿ ಲೆನ್ಸಿಗೆ ಟೂತ್‌ಪೇಸ್ಟ್ ಹಾಕಿ ತಿಕ್ಕಿದ. ಎರಡು ವಾರ ಹೊಳೆಯಿತು, ಆಮೇಲೆ ಮೊದಲಿಗಿಂತ ಜಾಸ್ತಿ ಹಳದಿ.

ನಾಲ್ಕನೆಯದು ನಮ್ಮ ಕಸುಬಿನವರೇ ಒಬ್ಬರು ಮಾಡಿದ್ದು. ಅವರು ಬಲ್ಬಿನ ಹಿಂದಿನ ಕಪ್ಲರ್ (ವೈರನ್ನು ಬಲ್ಬಿಗೆ ಸೇರಿಸುವ ಪ್ಲಗ್) ಎಳೆದು, ಮೀಟರ್ ಇಟ್ಟು, "12.5 ವೋಲ್ಟ್ ಬರ್ತಾ ಇದೆ ಸಾರ್, ವೈರಿಂಗ್ ಸರಿ ಇದೆ, ಹೆಡ್‌ಲೈಟ್ ಯೂನಿಟ್ಟೇ ಬದಲಾಯಿಸಬೇಕು" ಅಂದರು. ಮೇಷ್ಟ್ರು ಈ ಮಾತನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಇಡೀ ಕೇಸು ದಾರಿ ತಪ್ಪಿದ್ದು ಈ 12.5ರಲ್ಲಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಎಡವಿದ ಮೊದಲ ಕಡೆ

ಕಾರು ನೋಡಿದ ಕೂಡಲೇ ಕಣ್ಣಿಗೆ ಬಿದ್ದದ್ದು ಲೆನ್ಸು. ಬಿಸಿಲಿಗೆ ಮೇಲಿನ ಪದರ ಎದ್ದು, ಹಳೇ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಹಳದಿ. ಕಾಯಿಲೆ ಇದೇ ಅಂತ ನಾನೂ ತೀರ್ಮಾನ ಮಾಡಿಬಿಟ್ಟೆ. 800ರ ವಾಟರ್ ಪೇಪರಿನಿಂದ (ನೀರು ಹಾಕಿ ತಿಕ್ಕುವ ಉಜ್ಜುಕಾಗದ) ಶುರು ಮಾಡಿ 1500, 2000, ಕೊನೆಗೆ 3000ದಲ್ಲಿ ನೀರು ಬಿಟ್ಟು ತಿಕ್ಕಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಯುವಿ ಕ್ಲಿಯರ್ ಕೋಟ್ ಹೊಡೆದೆ. ಈ ಕೋಟ್ ಹೊಡೆಯದೆ ಬರೀ ತಿಕ್ಕಿ ಕಳಿಸಿದರೆ ಆಗುವುದು ಟೂತ್‌ಪೇಸ್ಟಿನ ಕಥೆಯೇ. ಅರ್ಧ ದಿನದ ಕೆಲಸ ಆಯಿತು. ಲೆನ್ಸು ಕನ್ನಡಿ ಹಾಗಾಯಿತು. ಹೊಸ 60/55 ಬಲ್ಬನ್ನೂ ಹಾಕಿದೆ.

ಮೂರು ದಿನ ಬಿಟ್ಟು ಮೇಷ್ಟ್ರ ಫೋನು. "ಹೊರಗಿಂದ ನೋಡೋಕೆ ಬಹಳ ಚೆನ್ನಾಗಿದೆಯಪ್ಪ. ಒಳಗಿಂದ ಸ್ವಲ್ಪ ಪರವಾಗಿಲ್ಲ, ಅಷ್ಟೇ."

ಮಾಡಿದ ಕೆಲಸ ತಪ್ಪಲ್ಲ, ಅದು ಬೇಕಾದ್ದೇ. ಆದರೆ ಅಳೆಯುವ ಮೊದಲು ತಿಕ್ಕಿದೆ ನೋಡಿ, ಅದು ತಪ್ಪು. ಕಣ್ಣಿಗೆ ಕಾಣುವ ಕಾಯಿಲೆ ಕೈಗೆ ಬೇಗ ಕೆಲಸ ಕೊಡುತ್ತದೆ. ದುಡ್ಡೂ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ಅಮ್ಮ ಹೇಳಿದ ಮಾತು

ಎರಡನೇ ಸಲ ಬಂದಾಗ ಸಂಜೆ ಏಳರ ಹೊತ್ತು. ಕತ್ತಲಾಗಿತ್ತು. ಕಾರನ್ನು ಶೆಡ್ಡಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬಾನೆಟ್ ಎತ್ತಿದ್ದೆ. ಅಮ್ಮ ಒಳಗೆ ಕೂತಿದ್ದರು. ಸುಮ್ನೆ ಮಾತಿಗೆ ಅಂದರು: "ಬಲಗಡೆ ಇಂಡಿಕೇಟರ್ ಹಾಕಿದ್ರೆ ಬಲಗಡೆ ದೊಡ್ಡ ಲೈಟೂ ಅದರ ತಾಳಕ್ಕೆ ಮಿಣುಕುತ್ತೆ. ಒಂದು ವರ್ಷದಿಂದ ಹಾಗೇ ಇದೆ."

ನಾನು ಸ್ಪ್ಯಾನರ್ ಕೆಳಗಿಟ್ಟೆ. ಹಾಕಿ ನೋಡಿದರೆ ನಿಜ. ಟಿಕ್ ಟಿಕ್ ಅಂದ ಹಾಗೆಲ್ಲ ಗೋಡೆ ಮೇಲಿನ ಬೆಳಕು ಒಂಚೂರು ಕುಗ್ಗಿ ಏಳುತ್ತಿತ್ತು. ಎರಡು ಲೈಟಿಗೂ ಒಂದೇ ಅರ್ಥ್ (ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ), ಆ ಅರ್ಥ್ ಸರಿ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಒಂದು ವರ್ಷದಿಂದ ಕಾರಿನಲ್ಲೇ ಕೂತಿದ್ದ ಸಾಕ್ಷಿಯನ್ನು ನಾವು ಯಾರೂ ಕೇಳಿರಲಿಲ್ಲ. ನಾನೂ ಸೇರಿ ಎಲ್ಲರೂ ಸ್ಟೀರಿಂಗ್ ಹಿಡಿದವರನ್ನೇ ಕೇಳಿದ್ದು.

ಈಗ ಸರಿಯಾಗಿ ಅಳೆಯೋಣ ಅಂತ ಕೂತೆ. ಇಂಜಿನ್ ಓಡುತ್ತಿತ್ತು, ಲೋ ಬೀಮ್ ಉರಿಯುತ್ತಿತ್ತು, ಕಪ್ಲರ್ ಬಲ್ಬಿಗೆ ಹಾಕಿಯೇ ಇತ್ತು. ಕಪ್ಲರಿನ ಹಿಂಭಾಗದಿಂದ ಗುಂಡುಪಿನ್ನು ತೂರಿಸಿ ಮೀಟರ್ ಇಟ್ಟೆ. ಮೇಷ್ಟ್ರು ಜೇಬಿನಿಂದ ಅದೇ ಚೀಟಿ ತೆಗೆದು ಹಿಂಬದಿಗೆ ಬರೆದುಕೊಂಡರು. ಬ್ಯಾಟರಿ ಟರ್ಮಿನಲ್ಲಿನಲ್ಲಿ 14.1 ವೋಲ್ಟ್. ಬಲಗಡೆ ಬಲ್ಬಿನ ಎರಡು ಪಿನ್ನಿನ ನಡುವೆ 11.0. ಎಡಗಡೆ 11.3.

ಉಳಿದ 3.1 ವೋಲ್ಟ್ ಎಲ್ಲಿ ಹೋಯಿತು? ಬ್ಯಾಟರಿ ಪ್ಲಸ್ಸಿನಿಂದ ಬಲ್ಬಿನ ಪ್ಲಸ್ಸಿಗೆ ಮೀಟರ್ ಇಟ್ಟರೆ 1.9. ಬಲ್ಬಿನ ಅರ್ಥ್ ಪಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ಇಟ್ಟರೆ 1.2. ಮೇಷ್ಟ್ರು ಕೂಡಿಸಿದರು. "11, 1.9, 1.2. ಒಟ್ಟು 14.1. ಲೆಕ್ಕ ತಾಳೆ ಆಯ್ತಲ್ಲಯ್ಯಾ!" ಅಂತ ಹುಡುಗ ಸರಿ ಉತ್ತರ ಬರೆದ ಹಾಗೆ ನನ್ನ ಬೆನ್ನು ತಟ್ಟಿದರು.

"ಹಾಗಾದ್ರೆ ಆ 12.5 ಸುಳ್ಳಾ?" ಅಂತ ಚೀಟಿ ತಿರುಗಿಸಿ ಕೇಳಿದರು. ಸುಳ್ಳಲ್ಲ. ಮೀಟರ್ ಕಂಡದ್ದನ್ನೇ ಹೇಳಿತ್ತು. ಕಪ್ಲರ್ ಎಳೆದ ಮೇಲೆ ವೈರಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಹರಿಯದಿದ್ದರೆ ನಷ್ಟವೂ ಇಲ್ಲ. ಮೇಷ್ಟ್ರಿಗೆ ತೋಟದ ಲೆಕ್ಕದಲ್ಲೇ ಹೇಳಿದೆ. ಹೂವಿನ ಮಳೆ ತಡವಾದರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೀರಲ್ಲ, ಎಲ್ಲ ವಾಲ್ವ್ ಮುಚ್ಚಿದಾಗ ಸಣ್ಣ ಪೈಪಿನ ಕೊನೆಯಲ್ಲೂ ಗೇಜ್ ಪೂರ್ತಿ ಪ್ರೆಶರ್ ತೋರಿಸುತ್ತದೆ. ಜೆಟ್ ತೆರೆದ ಕೂಡಲೇ ಕೊನೆಯದು ಮೊಣಕಾಲೆತ್ತರಕ್ಕೂ ಹಾರುವುದಿಲ್ಲ. "ಓ, ಅದಾ!" ಅಂದರು. ಇನ್ನು ಹೇಳಬೇಕಾಗಿ ಬರಲಿಲ್ಲ.

3 ವೋಲ್ಟ್ ಅಂದರೆ ಸಣ್ಣದು ಅನ್ನಿಸಬಹುದು. ಹ್ಯಾಲೊಜೆನ್ ಬಲ್ಬಿನಲ್ಲಿ ಹಾಗಲ್ಲ. ವೋಲ್ಟೇಜು ನೂರಕ್ಕೆ 10 ಇಳಿದರೆ ಬೆಳಕು ನೂರಕ್ಕೆ 30 ಇಳಿಯುತ್ತದೆ. 11.0ರಲ್ಲಿ ಉರಿಯುವ ಬಲ್ಬು, ಅದೇ ಬಲ್ಬು 13.7ರಲ್ಲಿ ಕೊಡುವ ಬೆಳಕಿನ ಅರ್ಧವನ್ನೂ ಕೊಡುವುದಿಲ್ಲ. ಬಣ್ಣವೂ ಹಳದಿಗೆ ತಿರುಗುತ್ತದೆ. ಬಲ್ಬು ಹಳೇದಾಗಿದೆ ಅಂತ ಜನ ಅಂದುಕೊಳ್ಳುವುದು ಅದಕ್ಕೇ.

ಅರ್ಥ್ ಮತ್ತು ರಿಲೇ

ಮೊದಲು ಅರ್ಥ್. ಬಲಗಡೆ ಹೆಡ್‌ಲೈಟಿನ ಹಿಂದೆ, ಫೆಂಡರಿನ ಒಳಮೈಗೆ ಒಂದು 10 ಎಂಎಂ ತಲೆಯ ಬೋಲ್ಟು. ಬಿಚ್ಚಲು ಹೋದರೆ ಥಿಂಬಲ್ಲು (ವೈರಿನ ತುದಿಯ ಲೋಹದ ಬಳೆ) ಕೈಗೇ ಬಂತು. ಬೋಲ್ಟಿನ ಸುತ್ತ ಹಸಿರು ಪುಡಿ, ಅದರ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ಪೇಂಟು. ಯಾವಾಗಲೋ ಟಿಂಕರಿಂಗ್ ಆದಾಗ ಪೇಂಟಿನ ಮೇಲೇ ಥಿಂಬಲ್ ಕೂರಿಸಿ ಬಿಗಿದಿದ್ದರು. ಇಷ್ಟು ವರ್ಷ ಕರೆಂಟ್ ವಾಪಸ್ ಹೋಗಿದ್ದು ಬೋಲ್ಟಿನ ಎಳೆಗಳ ಮೂಲಕ ಮಾತ್ರ. ಉಜ್ಜಿ ಬಿಳಿ ಲೋಹ ಕಾಣಿಸಿ, ಹೊಸ ಥಿಂಬಲ್ ಕ್ರಿಂಪ್ ಮಾಡಿ, ಬಿಗಿದ ಮೇಲೆ ವ್ಯಾಸಲೀನ್ ಸವರಿದೆ. ಎಡಗಡೆಯೂ ಹಾಗೇ. ಖರ್ಚು ಅಂತ ಹೇಳುವ ಹಾಗೇ ಇಲ್ಲ. ಅರ್ಥ್ ಕಡೆಯ ನಷ್ಟ 1.2ರಿಂದ 0.1ಕ್ಕೆ ಇಳಿಯಿತು. ಬಲ್ಬಿಗೆ 12 ವೋಲ್ಟ್ ಸಿಗತೊಡಗಿತು. ಇಂಡಿಕೇಟರಿನ ತಾಳವೂ ನಿಂತಿತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಮೇಷ್ಟ್ರೂ "ಸಾಕೇನೋ" ಅಂದರು. ಆದರೆ ಪ್ಲಸ್ ಕಡೆಯ 1.9 ಹಾಗೇ ಇತ್ತಲ್ಲ. ಕರೆಂಟ್ ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿನ ಒಳಗೆ ಹೋಗಿ, ಸ್ಟೀರಿಂಗ್ ಪಕ್ಕದ ಸ್ವಿಚ್ಚು, ಡಿಪ್ಪರ್ ಎಲ್ಲ ಸುತ್ತಿ ಮತ್ತೆ ಮುಂದಕ್ಕೆ ಬರಬೇಕು. ಹೆಚ್ಚು ಕಮ್ಮಿ 5 ಮೀಟರ್, ಅದೂ 1 ಚದರ ಎಂಎಂ ಆಸುಪಾಸಿನ ವೈರು. 9 ಆಂಪಿಯರ್ ಹರಿದರೆ ಬರೀ ವೈರಿನಲ್ಲೇ 0.8 ವೋಲ್ಟ್ ಹೋಗುತ್ತದೆ. ಉಳಿದದ್ದು ಸವೆದ ಸ್ವಿಚ್ಚಿನ ಕಾಂಟ್ಯಾಕ್ಟ್, ಫ್ಯೂಸ್ ಹೋಲ್ಡರ್, ಆ 100 ವಾಟಿನ ಬಲ್ಬು ಸುಟ್ಟಿಟ್ಟ ಕಪ್ಲರ್ ಸೇರಿ ತಿನ್ನುತ್ತವೆ. ಸ್ವಿಚ್ಚು ಹೊಸದು ಹಾಕಬಹುದು, ಆದರೆ ಆ ಕಾರಿಗೆ ಈಗ ಒಳ್ಳೆ ಸ್ವಿಚ್ಚು ಸಿಗುವುದೇ ಕಷ್ಟ. ಅದಕ್ಕೆ ರಿಲೇ ಹಾಕುವುದು ಅಂತಾಯಿತು.

ರಿಲೇ ಅಂದರೆ ತೋಟದ ಪಂಪಿನ ಸ್ಟಾರ್ಟರ್ ಇದ್ದ ಹಾಗೆ. ಹಳೇ ಸ್ವಿಚ್ಚಿಗೆ ಉಳಿಯುವುದು ರಿಲೇಯ ಕಾಯಿಲನ್ನು ಎಬ್ಬಿಸುವ ಕೆಲಸ ಮಾತ್ರ, ಅದಕ್ಕೆ ಆಂಪಿಯರಿನ ಐದನೇ ಒಂದು ಭಾಗವೂ ಬೇಡ. ಬಲ್ಬಿನ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ ಬಂದು, 87ರಿಂದ ನೇರ ಬಲ್ಬಿಗೆ ಹೋಗುತ್ತದೆ. 85, 86 ಕಾಯಿಲಿನ ಪಿನ್ನು. ವೈರು 2.5 ಚದರ ಎಂಎಂ. ಲೋ ಬೀಮಿಗೆ ಒಂದು ರಿಲೇ, ಹೈ ಬೀಮಿಗೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ 15 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಯಿಂದ ಒಂದು ಗೇಣಿನ ಒಳಗೆ. ಒಂದೇ ಫ್ಯೂಸಿನಲ್ಲಿ ಮುಗಿಸಿ ನೂರು ರೂಪಾಯಿ ಉಳಿಸಬಹುದು ಅಂತ ಅಂಗಡಿಯ ಹುಡುಗ ಹೇಳಿದ. ಆ ರಸ್ತೆಯಲ್ಲಿ ಎರಡೂ ಬೀಮ್ ಒಟ್ಟಿಗೆ ಆರಿಹೋದರೆ? ಬೇಡ ಅಂದೆ. ಎರಡು ಬೀಮಿನ ದಾರಿ ಬೇರೆ ಬೇರೆ ಇಟ್ಟದ್ದು ಆಮೇಲೆ ಕೈ ಹಿಡಿಯಿತು.

ನೆನಪಿಡಿ, ಈ ಕಾರಿನಲ್ಲಿ ಸ್ವಿಚ್ಚು ಇರುವುದು ಪ್ಲಸ್ ಕಡೆ. ಕೆಲವು ಜಪಾನಿ ಮೂಲದ ಹಳೇ ಕಾರುಗಳಲ್ಲಿ ಬಲ್ಬಿಗೆ ಪ್ಲಸ್ ನೇರ ಬಂದು, ಸ್ವಿಚ್ಚು ಅರ್ಥ್ ಕಡೆ ಇರುತ್ತದೆ. ಅದಕ್ಕೆ ಮಾರ್ಕೆಟ್ಟಿನ ಸಿದ್ಧ ಕಿಟ್ ಹಾಗೇ ಚುಚ್ಚಿದರೆ ಕೆಲಸ ಮಾಡುವುದಿಲ್ಲ. ಟೆಸ್ಟ್ ಲ್ಯಾಂಪ್ ಇಟ್ಟು ಮೊದಲು ತಿಳಿದುಕೊಳ್ಳಿ.

ಮುಗಿಸಿ ಅಳೆದಾಗ ಎರಡೂ ಕಡೆ 13.7. ಬಲ್ಬು ಬಿಟ್ಟು ಸಾಮಾನಿಗೆ ಆದ ಖರ್ಚು 940 ರೂಪಾಯಿ. ವೋಲ್ಟೇಜು ಜಾಸ್ತಿ ಸಿಕ್ಕರೆ ಬಲ್ಬಿನ ಆಯಸ್ಸು ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನೂ ಮೇಷ್ಟ್ರಿಗೆ ಹೇಳಿದೆ. "ಬಲ್ಬು ಸತ್ತರೆ ಸಾಯಲಿ, ನಾನು ಉಳಿದರೆ ಸಾಕು" ಅಂದರು.

ಗೋಡೆಯ ಮೇಲೆ ಗೆರೆ

ಬೆಳಕು ಜಾಸ್ತಿ ಆದ ಮೇಲೆ ಅದು ಎಲ್ಲಿಗೆ ಬೀಳುತ್ತದೆ ಅಂತ ನೋಡದೆ ಕಳಿಸಿದರೆ ಎಲ್‌ಇಡಿಯವರಿಗೂ ನಮಗೂ ವ್ಯತ್ಯಾಸ ಇಲ್ಲ. ಕಾರನ್ನು ಗೋಡೆಯಿಂದ 10 ಮೀಟರ್ ದೂರದಲ್ಲಿ ಸಮತಟ್ಟಿನಲ್ಲಿ ನಿಲ್ಲಿಸಿದೆ. ಟೈರಿಗೆ ಗಾಳಿ ಸರಿ ಮಾಡಿ, ಮೇಷ್ಟ್ರನ್ನು ಸೀಟಿನಲ್ಲಿ ಕೂರಿಸಿದೆ. ಲೈಟಿನ ನಡುಭಾಗ ನೆಲದಿಂದ 62 ಸೆಂಟಿಮೀಟರ್ ಇತ್ತು. ಲೋ ಬೀಮಿನ ಮೇಲಂಚು 10 ಮೀಟರಿಗೆ 10 ಸೆಂಟಿಮೀಟರ್ ಇಳಿದಿರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಅಂದರೆ ಗೋಡೆ ಮೇಲೆ 52. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆ ಎಳೆಯುವುದನ್ನು ಮೇಷ್ಟ್ರು ಒಳಗಿಂದಲೇ ತಿದ್ದಿದರು, "ಎಡಕ್ಕೆ ಏರಿದೆ ನೋಡು" ಅಂತ. ಗೆರೆ ನೇರವೇ ಇತ್ತು. ಎಡಕ್ಕೆ ಏರಿದ್ದು ಬೆಳಕು. ಅದು ಹಾಗೇ ಇರಬೇಕು. ನಾವು ಎಡಗಡೆ ಓಡಿಸುವವರು, ರಸ್ತೆಯಂಚು ಕಾಣಲಿ ಅಂತ ಎಡಗಡೆ ಬೆಳಕು ಮೇಲಕ್ಕೆ ಓರೆಯಾಗಿ ಹೋಗುತ್ತದೆ.

ಆಗ ನೆನಪಾಯಿತು. "ಹಿಂದೆ ಏನಾದರೂ ಹೊರೆ ಹಾಕ್ತೀರಾ ಮೇಷ್ಟ್ರೇ?" "ಕೊಯ್ಲಲ್ಲಿ ಎರಡು ಮೂಟೆ ಕಾಫಿ, ಮಿಕ್ಕಿದಂತೆ ಬಾಳೆಗೊನೆ, ಗೊಬ್ಬರ." ಎರಡು ಮೂಟೆ ಅಂದರೆ 100 ಕೆಜಿ. ಹಿಂದೆ ಕೂತರೆ ಮೂತಿ ಎದ್ದು ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತದೆ. ಲೈಟು ಏರಿಳಿಸುವ ನಾಬ್ ಈ ಕಾರಿನಲ್ಲಿಲ್ಲ. ಮೋಟಾರು ವಾಹನ ನಿಯಮವೂ ಇದನ್ನೇ ಕೇಳುತ್ತದೆ: 8 ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಅದಕ್ಕೇ 52ರ ಬದಲು 49ಕ್ಕೆ ಕೂರಿಸಿದೆ. ಖಾಲಿ ಕಾರಿನಲ್ಲಿ ಬೆಳಕು ಸ್ವಲ್ಪ ಹತ್ತಿರ ಬೀಳುತ್ತದೆ, ನಿಜ. ಆ ತಿರುವುಗಳ ರಸ್ತೆಯಲ್ಲಿ ಗಂಟೆಗೆ 40ರ ಮೇಲೆ ಹೋಗದ ಮನುಷ್ಯನಿಗೆ ಅದು ನಷ್ಟವಲ್ಲ.

ಮಳೆಗಾಲ

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಜುಲೈನಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ಫೋನು. ಮಳೆಯ ಸದ್ದಿನ ನಡುವೆ ಮೇಷ್ಟ್ರ ದನಿ: "ಲೋ ಬೀಮ್ ಎರಡೂ ಆರಿಹೋಯ್ತು. ಹೈ ಬೀಮ್ ಉರೀತಾ ಇದೆ. ನಿನ್ನ ಹೊಸ ಸಾಮಾನಿಗಿಂತ ನನ್ನ ಹಳೇ ಮಂಕೇ ವಾಸಿ ಇತ್ತಲ್ಲ ಮಾರಾಯ!" ಹೈ ಬೀಮಿನಲ್ಲೇ ನಿಧಾನ ಮನೆ ಸೇರಿಕೊಂಡರು. ಹೈ ಬೀಮಿಗೆ ಬೇರೆ ರಿಲೇ ಹಾಕಿರದಿದ್ದರೆ ಅದೂ ಇರುತ್ತಿರಲಿಲ್ಲವೇನೋ. ನನಗೆ ಅವತ್ತು ನಿದ್ದೆ ಬರಲಿಲ್ಲ.

ಮರುದಿನ ನೋಡಿದರೆ ತಪ್ಪು ನನ್ನದೇ. ವೈರು ಚಿಕ್ಕದಾಗಲಿ ಅಂತ ರಿಲೇಯನ್ನು ಗ್ರಿಲ್ಲಿನ ಹಿಂದೆಯೇ, ಪಿನ್ನು ಮೇಲ್ಮುಖವಾಗಿ ಬಿಗಿದಿದ್ದೆ. ಗ್ರಿಲ್ಲಿನಿಂದ ನುಗ್ಗಿದ ನೀರು ಪಿನ್ನಿನ ಸಂದಿಯಲ್ಲಿ ನಿಂತು, 87ನೇ ಪಿನ್ನು ಹಸಿರಾಗಿ ತಿಂದುಹೋಗಿತ್ತು. ಹಾಸನದ ಬಯಲಿನಲ್ಲಿ ಓಡುವ ಗಾಡಿಯಾಗಿದ್ದರೆ ಎರಡು ಮೂರು ವರ್ಷ ನಡೆಯುತ್ತಿತ್ತೇನೋ. ಮೂಡಿಗೆರೆ ಕಡೆಯ ಮಳೆಗೆ ಆ ಲೆಕ್ಕ ನಡೆಯುವುದಿಲ್ಲ. ಎರಡೂ ರಿಲೇಯನ್ನು ಫೆಂಡರಿನ ಮೇಲಂಚಿಗೆ ತಂದು, ಪಿನ್ನು ಕೆಳಮುಖ ಮಾಡಿ, ವೈರು ಕೆಳಗಿಳಿದು ಮತ್ತೆ ಏರುವ ಹಾಗೆ ಒಂದು ಬಾಗು ಕೊಟ್ಟು ಕಟ್ಟಿದೆ. ನೀರು ಬಂದರೂ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಒಂದು ರಿಲೇ, ಎರಡು ಫ್ಯೂಸ್ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇಟ್ಟು ಬದಲಾಯಿಸುವುದನ್ನು ಇಬ್ಬರಿಗೂ ತೋರಿಸಿದೆ. ಅಮ್ಮ ಒಂದೇ ಸಲಕ್ಕೆ ಕಲಿತರು. ದುಡ್ಡು ತೆಗೆದುಕೊಳ್ಳಲಿಲ್ಲ.

ಈ ಕಾರಿನ ಕೆಲಸ ಆದ ಮೇಲೆ ನಾನು ಕೆಲಸದ ಕ್ರಮ ಬದಲಾಯಿಸಿಕೊಂಡೆ. ಈಗ ಮಂಕು ಲೈಟಿನ ಗಾಡಿ ಬಂದರೆ ಮೊದಲು ಮೀಟರ್, ಅದೂ ಬಲ್ಬು ಉರಿಯುತ್ತಿರುವಾಗ. ಅರ್ಥ್ ಕಡೆ ಕಾಲು ವೋಲ್ಟಿಗಿಂತ ಜಾಸ್ತಿ ಕಂಡರೆ ಬೇರೆ ಏನನ್ನೂ ಮುಟ್ಟುವುದಿಲ್ಲ, ಅದನ್ನು ಸರಿ ಮಾಡಿಯೇ ಮುಂದಕ್ಕೆ. ಲೆನ್ಸು ತಿಕ್ಕುವುದು ಆಮೇಲೆ. ಪಕ್ಕದ ಸೀಟಿನವರನ್ನೂ ಒಂದು ಮಾತು ಕೇಳುತ್ತೇನೆ. ದೊಡ್ಡ ವಾಟಿನ ಬಲ್ಬು ಕೇಳಿಕೊಂಡು ಬಂದವರಿಗೆ ಆ ಕರಗಿದ ಹೋಲ್ಡರ್ ತೋರಿಸುತ್ತೇನೆ. ಕೌಂಟರಿನ ಮೇಲೆ ಅದನ್ನು ಹಾಗೇ ಇಟ್ಟಿದ್ದೇನೆ.

ಮೇಷ್ಟ್ರ ಕಾರಿನಲ್ಲಿ ಎಲ್ಲವೂ ಸರಿಹೋಗಿದೆ ಅಂತ ಹೇಳಲಾರೆ. ಎಡಗಡೆ ರಿಫ್ಲೆಕ್ಟರಿನ ಕೆಳಭಾಗದಲ್ಲಿ ಬೆಳ್ಳಿ ಬಣ್ಣದ ಲೇಪ ಮಂಕಾಗಿದೆ. ಹಿಂದೆ ಯಾರೋ ಒಳಗೆ ಬಟ್ಟೆ ತೂರಿಸಿ ಒರೆಸಿದ್ದಾರೆ. ಒರೆಸಿದರೆ ಆ ಲೇಪ ಗೀಚಿಹೋಗುತ್ತದೆ, ಅದಕ್ಕೆ ಮದ್ದಿಲ್ಲ, ಯೂನಿಟ್ಟೇ ಬದಲಾಯಿಸಬೇಕು. "ಆರ್‌ಸಿ ರಿನ್ಯೂವಲ್ ಬರಲಿ, ಆಗ ನೋಡೋಣ" ಅಂತ ಮುಂದೂಡಿದ್ದಾರೆ.

ಡಿಸೆಂಬರಿನಲ್ಲಿ ಹಾರನ್ ಸರಿ ಮಾಡಿಸಲು ಬಂದಿದ್ದರು. ಹಿಂದಿನ ಸೀಟಿನಲ್ಲಿ ಖಾಲಿ ಗೋಣಿಚೀಲ, ಕಾಫಿ ಹಣ್ಣಿನ ಸಿಪ್ಪೆಯ ವಾಸನೆ. ನಾನು ಹಾರನ್ ಬಿಚ್ಚುವಷ್ಟರಲ್ಲಿ ಮೇಷ್ಟ್ರು ಮೇಜಿನ ಮೇಲಿದ್ದ ಮೀಟರ್ ತಂದು ಕೈಗೆ ಕೊಟ್ಟರು. ಲೈಟು ಹಾಕಿ ಅಳೆದೆ. ಎರಡೂ ಕಡೆ 13.6. ಜೇಬಿನಿಂದ ಅದೇ ಮಾಸಿದ ಚೀಟಿ ತೆಗೆದು, 12.5ರ ಮೇಲೆ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಾರೀಕು ಹಾಕಿ ಬರೆದುಕೊಂಡರು.

"0.1 ಎಲ್ಲಿ ಹೋಯ್ತಯ್ಯಾ?" ಅಂತ ಕೇಳಿದರು.